ಹೊಂಡದ ಮರಿ, ಬೀಗರ ಸಾರು

ಗಂಡಸಿಗೆ ಹೊಸ ಬುದ್ಧಿ ಬಂದರೆ ಮೊದಲು ಕೆಡುವುದು ಮನೆಯ ಸಾರು. ನನ್ನ ಓದು ಅಕ್ಷರ ಕೂಡಿಸುವಷ್ಟೇ. ಸುಳ್ಳು ಬರೆಯುವಷ್ಟು ಇನ್ನೂ ಬಂದಿಲ್ಲ.

ಆಗ ಮಹಾರಾಜರ ಕಾಲ. ನಮ್ಮ ಕೆರೆಬಿಳಚಿಗೆ ಸರ್ಕಾರದ ಮೀನಿನ ಸಾಹೇಬರೊಬ್ಬರು ಬಂದು, "ಬರೀ ಹಿಡಿದ್ರೆ ಕೆರೆ ಬರಿದಾಗ್ತೈತೆ, ಬೆಳೆಸಾಕೆ ಕಲೀರಿ" ಎಂದು ಬೆಸ್ತರಾದ ನಮಗೇ ಪಾಠ ಹೇಳಿ, ಒಂದು ಕೊಡ ಗೆಂಡೆಮೀನಿನ ಮರಿಗಳನ್ನು ನನ್ನ ಗಂಡನ ಕೈಗೆ ಕೊಟ್ಟರು. ಮನೆ ಹಿಂದಿನ ಹೊಂಡದಲ್ಲಿ ಗೇಣುದ್ದ ಆಗುವತನಕ ಸಾಕಿ ಕೆರೆಗೆ ಬಿಡಬೇಕು. ಕೆರೆಯಲ್ಲಿ ಮೀನು ಕಮ್ಮಿಯಾಗಿತ್ತು. ಊರಿನ ಬೆಸ್ತರೆಲ್ಲ ಆ ಕೊಡವನ್ನೇ ನಂಬಿದರು.

ಅವತ್ತಿನಿಂದ ನನ್ನ ಗಂಡ ಬಾಣಂತಿಯಾದ. ಎಮ್ಮೆಯ ತೌಡು ಹೊಂಡಕ್ಕೆ ಹೋಯಿತು, ಎಮ್ಮೆ ಹಾಲು ಬಿಗಿಹಿಡಿಯಿತು. ಬೆಳ್ಳಕ್ಕಿ ಓಡಿಸಲು ತಮಟೆ ಹಿಡಿದು ದಡದಲ್ಲೇ ಕೂತ. "ಉಣ್ಣಾಕೆ ಬರ್ರಿ" ಅಂದರೆ, "ಮಕ್ಳು ಉಂಡಾವೇನೇ?" ಅನ್ನೋನು. ನಾನು ಹೆತ್ತ ನಾಲ್ಕನ್ನು ಒಂದು ದಿನವೂ ಹಾಗೆ ಕೇಳಿದ್ದಿಲ್ಲ.

ಅಷ್ಟರಲ್ಲಿ ಹೊನ್ನಾಳಿಯ ಬೀಗರು ಬರುತ್ತೇವೆಂದು ಹೇಳಿ ಕಳಿಸಿದರು. ಅವರಿಗೆ ಜೀವಂತ ಕೊರವ ಮೀನಿನ ಸಾರೇ ಆಗಬೇಕು. ಇಲ್ಲದಿದ್ದರೆ ಅಲ್ಲಿ ಮಗಳು ಮಾತು ಕೇಳಬೇಕು. ಮೊಳದುದ್ದದ್ದು ತಂದು ಗಡಿಗೆಯಲ್ಲಿಟ್ಟೆ. ಬೀಗರು ಅಮಾವಾಸ್ಯೆ ಕಳೆಯಲಿ ಅಂದರು. ಗಡಿಗೆಯಲ್ಲಿ ಮೀನು ಸೊರಗಿತು. ಕೊರವ ಮರಿ ತಿನ್ನುವ ಜಾತಿ ಎಂದು ನನಗೆ ಗೊತ್ತಿಲ್ಲವೇ? ಅದಕ್ಕೇ ಬಿದಿರು ಬುಟ್ಟಿಗೆ ಹಾಕಿ, ಮುಚ್ಚಳ ಬಿಗಿದು, ಗಂಡ ಮಲಗಿದ ಮೇಲೆ, ಅವನಿಗೆ ಹೇಳದೆ ಹೊಂಡದ ಮೂಲೆಯಲ್ಲಿ ಮುಳುಗಿಸಿದೆ. ದಿನಾ ಅದೇ ಹೊತ್ತಿಗೆ ಒಂದು ಹಿಡಿ ಅನ್ನವನ್ನೂ ಬುಟ್ಟಿಯೊಳಗೆ ಹಾಕಿದೆ.

ಮರಿಗಳು ಕರಗುತ್ತ ಬಂದವು. ಗಂಡ ಬೆಳ್ಳಕ್ಕಿಯನ್ನು ಬೈದ, ಪಕ್ಕದ ಮನೆಯವಳ ಕಣ್ಣನ್ನು ಬೈದ. ನಾನು, "ಸಾಹೇಬ್ರು ರೋಗದ ಮರಿ ಕೊಟ್ಟಾರೆ ಬಿಡ್ರಿ" ಅಂದೆ.

ಬೀಗರು ಬಂದ ದಿನ ಬುಟ್ಟಿ ಎತ್ತಿದರೆ ಕೊರವ ನನ್ನ ತೋಳಿಗಿಂತ ದಪ್ಪ! ಬಾಯಲ್ಲಿ ಗೆಂಡೆಮರಿಯ ಬಾಲ ಇನ್ನೂ ಅಲ್ಲಾಡುತ್ತಿತ್ತು. ಕೊರವ ಬುಟ್ಟಿಯಿಂದ ಹೊರಗೆ ಬಂದೇ ಇರಲಿಲ್ಲ. ನನ್ನ ಅನ್ನದ ಆಸೆಗೆ ಮರಿಗಳೇ ಬಿದಿರಿನ ಸಂದಿಯಲ್ಲಿ ಒಳಗೆ ತೂರಿದ್ದವು.

ಸಾರಿಗೆ ಬೀಗರು ತಲೆದೂಗಿದರು. ಗಂಡ ಎರಡು ಸಲ ಹಾಕಿಸಿಕೊಂಡು, "ಏನು ಮೇಯ್ಸಿದ್ಯೇ ಇದಕ್ಕೆ?" ಅಂದ. "ನಿಮ್ಮ ಮಕ್ಳನ್ನ" ಎಂಬ ಮಾತನ್ನು ಮುದ್ದೆ ಜೊತೆ ನುಂಗಿದೆ.

ಆ ವರ್ಷ ಕೆರೆಗೆ ಬೊಗಸೆಯಷ್ಟು ಮರಿಯೂ ಬೀಳಲಿಲ್ಲ. ಊರು ನಕ್ಕಿತು, ಗಂಡ ತಲೆ ಎತ್ತಲಿಲ್ಲ. ಮರುವರ್ಷ ಸಾಹೇಬರು ಕೊಡವನ್ನು ಅವನಿಗೆ ಕೊಡಲಿಲ್ಲ. "ಅವ್ರ ಕೈಲಿ ಮರಿ ಉಳೀಲಿಲ್ಲ, ಈ ಮನೇಲಿ ತಿಳಿದೋರು ನೀವು ಕಣಮ್ಮ" ಎಂದು ನನ್ನ ಕೈಗಿಟ್ಟರು. ನಾನೂ ಇಸಕೊಂಡೆ. ಒಳಗೆ ಹೋದವಳೇ ಕೊರವ ಇಟ್ಟಿದ್ದ ಆ ಬುಟ್ಟಿಯನ್ನು ಒಲೆಗೆ ಹಾಕಿದೆ.