ಸಂಗಪ್ಪನವರು ಆನ್‌ಲೈನ್ ಇದ್ದಾರೆ

ದೆವ್ವಗಳನ್ನು ನಾನು ನಂಬುವುದಿಲ್ಲ. ಯಾರು ಕೇಳಿದರೂ ಹಗಲು ಹೊತ್ತಿನಲ್ಲಿ, ನಾಲ್ಕು ಜನರ ನಡುವೆ, ದೊಡ್ಡ ದನಿಯಲ್ಲೇ ಹೇಳುತ್ತೇನೆ. ನಮ್ಮ ಮನೆಯ ಹಿತ್ತಲಿನ ಬಚ್ಚಲಿಗೆ ಮಾತ್ರ ಹೊತ್ತು ಮುಳುಗಿದ ಮೇಲೆ ಒಬ್ಬಳೇ ಹೋಗುವುದಿಲ್ಲ. ಅಲ್ಲಿ ಸ್ವಲ್ಪ ಜಾರುತ್ತದೆ, ಅದಕ್ಕೆ. ನನ್ನ ಗಂಡ ಇದನ್ನು ಕೇಳಿ ನಗುತ್ತಾರೆ. ನಗಲಿ, ಅವರಿಗೇನು ಗೊತ್ತು, ಅವರು ಡೇಟಾಬೇಸಿನ ಜತೆ ಸಂಸಾರ ಮಾಡಿದವರಲ್ಲ. ಬಚ್ಚಲಿನಲ್ಲಿ ಏನಿದ್ದರೂ ಒಂದು ಬಕೆಟ್ ನೀರು ಸುರಿದರೆ ಹೋದೀತು. ಡೇಟಾಬೇಸಿಗೆ ಹೊಕ್ಕಿದ್ದು ಹಾಗೆಲ್ಲ ಸುಲಭಕ್ಕೆ ಹೋಗುವುದಿಲ್ಲ.

ಕನ್ನಡ-ತೆಲುಗು ಗಡಿಯ ನಾರಾಯಣಪೇಟೆಯಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲೆ ನಮ್ಮ ಆಫೀಸು. ಸಾಫ್ಟ್‌ವೇರ್ ತಂಡ ಎಂದು ಬೋರ್ಡಿದೆ. ತಂಡವೆಂದರೆ ನಾನು ಮತ್ತು ಆಂಜನೇಯುಲು. ಆತ ತೆಲುಗಿನಲ್ಲಿ ಯೋಚಿಸಿ, ಕನ್ನಡದಲ್ಲಿ ಮಾತಾಡಿ, ತಪ್ಪಾದಾಗ ಮತ್ತೆ ತೆಲುಗಿಗೆ ಓಡಿಹೋಗುವ ಮನುಷ್ಯ. ಕೆಳಗಿನಿಂದ ಜೋಳದ ಹಿಟ್ಟು ಹಾರಿ ಬಂದು ನಮ್ಮ ಕಂಪ್ಯೂಟರು, ಕುರ್ಚಿ, ಹುಬ್ಬು ಎಲ್ಲವನ್ನೂ ಬೆಳ್ಳಗೆ ಮಾಡುತ್ತದೆ. ನಾವು ಮಾಡಿದ್ದು ಸೀರೆಯ ಆಪು. ನಾರಾಯಣಪೇಟೆ, ಮಕ್ತಲ್, ಗದ್ವಾಲ್, ಈ ಮೂರೂ ಊರಿನ ಒಂದೊಂದು ಅಂಗಡಿಯವರು ಸೇರಿಕೊಂಡು ಮಾಡಿಸಿದ್ದು. ಯಾವ ಸೀರೆ ಯಾವ ಅಂಗಡಿಯಲ್ಲಿದೆ, ಯಾವುದು ಮಾರಿಹೋಯಿತು ಎಂದು ಮೂವರಿಗೂ ಕಾಣಬೇಕು. ಮಕ್ತಲಿನ ಗಿರಾಕಿ ಕೇಳಿದ ಬಣ್ಣ ಗದ್ವಾಲಿನಲ್ಲಿದ್ದರೆ ಅಲ್ಲಿಂದ ತರಿಸಬೇಕು. ಇಷ್ಟೇ.

ಇಷ್ಟೇ ಎಂದೆ. ಆದರೆ ಇಷ್ಟನ್ನು ಎಲ್ಲಿ ಇಡುವುದು? ಬಾಡಿಗೆಗೆ ಸಿಗುವ ಕ್ಲೌಡ್ ಡೇಟಾಬೇಸುಗಳು ರಾಶಿ ರಾಶಿ. ಒಂದು ಸೀರೆ ಆರಿಸಲು ಇಡೀ ಅಂಗಡಿ ಬಿಚ್ಚಿಸುವವಳು ಎಂದು ನನ್ನ ಗಂಡನಿಂದ ಬಿರುದು ಪಡೆದವಳು ನಾನು. ಎಲ್ಲವನ್ನೂ ಬಿಚ್ಚಿ ಹರವಿ ನೋಡಿ ಕೊನೆಗೆ ಎರಡನ್ನು ಉಳಿಸಿಕೊಂಡೆ. ಒಂದು ಹಳೇ ಪದ್ಧತಿಯದು, ಸಾಲು-ಕಂಬ ಇಟ್ಟು ಬರೆಸಿಕೊಳ್ಳುವಂಥದು. ಅದಕ್ಕೆ ನಾವಿಟ್ಟ ಹೆಸರು ಪಟವಾರಿ. ನಿಜಾಮರ ಕಾಲದಲ್ಲಿ ಊರಿನ ಲೆಕ್ಕ ಬರೆಯುತ್ತಿದ್ದ ಪಟವಾರಿಯ ಹಾಗೆ ಎಲ್ಲದಕ್ಕೂ ತಕರಾರು: ಸೀರೆಯ ನಂಬರ್ ಎಲ್ಲಿ, ಈ ಮಾತು ಹಳೇದಾಯಿತು, ಹೊಸದು ನನ್ನ ಹತ್ತಿರ ಐತಿ, ನಡಿ ಆಚೆ. ನೆಟ್‌ವರ್ಕ್ ಇಲ್ಲದಿದ್ದರಂತೂ ಅದು ಬಾಗಿಲನ್ನೇ ತೆರೆಯುವುದಿಲ್ಲ. ಇನ್ನೊಂದು ನೋ-ಎಸ್‌ಕ್ಯೂಎಲ್. ಅದು ಅಜ್ಜಿಯ ಹಳೇ ಪೆಟ್ಟಿಗೆ, ಸಂದೂಕು. ಸಾಲೂ ಬೇಡ, ಕಂಬವೂ ಬೇಡ. ಸೆರಗಿನ ಫೋಟೋ, ನೇಕಾರನ ಫೋನ್ ನಂಬರ್, ಗಿರಾಕಿಯ ಬೈಗಳು, ಏನು ಕೊಟ್ಟರೂ ಮಡಚಿ ಒಳಗಿಟ್ಟುಕೊಳ್ಳುತ್ತದೆ. ನೆಟ್‌ವರ್ಕ್ ಹೋದರೂ ನಮ್ಮ ಫೋನಿನಲ್ಲೇ ಒಂದು ಪ್ರತಿ ಇರುತ್ತದೆ, ಬಂದಾಗ ಮೇಲಕ್ಕೆ ಕಳಿಸಿದರಾಯಿತು. ಇಬ್ಬರು ಬೇರೆಬೇರೆ ಹೇಳಿದರೆ ಯಾರು ಕೊನೆಗೆ ಹೇಳಿದರೋ ಅದೇ ನಿಜ. ಮರಿಕಲ್ ದಾಟಿದರೆ ಸಿಗ್ನಲ್ಲೇ ಇರದ ನಮ್ಮ ಸೀಮೆಗೆ ಸಂದೂಕೇ ಸೈ ಎಂದು ಆಂಜನೇಯುಲು ಹಟ ಹಿಡಿದ. ಏನಾದರೂ ಎಡವಟ್ಟಾದರೆ ಎಂದು ನಾನು ಕೇಳಿದ್ದಕ್ಕೆ "ಏಂ ಕಾದು ಮೇಡಂ, ಏನೂ ಆಗಲ್ಲ" ಎಂದ. ಆಪು ತೆರೆದ ಕೂಡಲೇ ಫೋನಿನಲ್ಲಿರುವುದನ್ನೆಲ್ಲ ಮೇಲಕ್ಕೆ ಕಳಿಸುವ ಹಾಗೆ ಬರೆದೆವು, ಯಾವುದೂ ಕಳೆದುಹೋಗಬಾರದು ನೋಡಿ.

ಒಂದು ಅಮಾವಾಸ್ಯೆಯ ಮಧ್ಯಾಹ್ನ ಮಕ್ತಲಿನ ಅಂಗಡಿಯ ಇಸ್ಮಾಯಿಲ್ ಭಾಯಿ ಫೋನು ಮಾಡಿದರು. "ಅರೆ ಮೇಡಂ, ಏನ್ರೀ ಇದು? ಗದ್ವಾಲದಾಗ ಬದನಿಕಾಯಿ ಬಣ್ಣದ ಸೀರಿ ಐತಿ ಅಂತ ಆಪ್ ತೋರಿಸ್ತು, ಗಿರಾಕೀನ ಬಸ್ ಹತ್ತಿಸಿ ಕಳಿಸಿದೆ. ಅಲ್ಲಿ ಹೋದ್ರ ಆ ಸೀರಿ ಮಾರಿ ಎಂದೋ ಆಗೇತಂತ. ಆಯಮ್ಮ ನನ್ನ ಜನ್ಮ ಜಾಲಾಡಿದ್ಳು!" ನೋಡಿದರೆ ಒಂದಲ್ಲ, ಮಾರಿಹೋದ ಸೀರೆಗಳೆಲ್ಲ ಗದ್ವಾಲಿನ ಅಂಗಡಿಗೆ ವಾಪಸು ಬಂದು ಕೂತಿದ್ದವು. ಅದರಲ್ಲಿ ಒಂದು ನನ್ನದೇ. ನಾನು ಅದನ್ನು ಉಟ್ಟುಕೊಂಡೇ ಕೂತಿದ್ದೆ, ಆಪು ಅದು ಗದ್ವಾಲಿನ ಕಪಾಟಿನಲ್ಲಿದೆ ಎನ್ನುತ್ತಿತ್ತು. ಸುಮ್ಮನೆ ಒಮ್ಮೆ ಸೆರಗು ಮುಟ್ಟಿ ನೋಡಿಕೊಂಡೆ.

ತಿದ್ದಿದೆವು. ಮುಂದಿನ ಅಮಾವಾಸ್ಯೆಗೆ ಮತ್ತೆ ಬಂದವು. ಹುಣ್ಣಿಮೆಗಿಲ್ಲ, ಸಂತೆಯ ದಿನವಿಲ್ಲ, ಅಮಾವಾಸ್ಯೆ ಮಧ್ಯಾಹ್ನವೇ. ಇದನ್ನು ಮಾಡಿದವರು ಯಾರು ಎಂದು ಆಂಜನೇಯುಲು ಹುಡುಕಿದ. ಹುಡುಕಿದವನು ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ. ಪರದೆಯ ಮೇಲೆ ಗದ್ವಾಲಿನ ಅಂಗಡಿಯ ಯಜಮಾನರಾದ ಸಂಗಪ್ಪನವರ ಹೆಸರಿತ್ತು, ಹೆಸರಿನ ಪಕ್ಕ ಹಸಿರು ಚುಕ್ಕಿ ಉರಿಯುತ್ತಿತ್ತು. ಆಪಿನೊಳಗೆ ಈಗ ಯಾರಿದ್ದಾರೆ ಎಂದು ತೋರಿಸುವ ಚುಕ್ಕಿ ಅದು. ಸಂಗಪ್ಪನವರು ಹಿಂದಿನ ಬೇಸಿಗೆಯಲ್ಲೇ ತೀರಿಕೊಂಡಿದ್ದರು. ಅವರ ಮಣ್ಣಿಗೆ ನಾನೇ ಹೋಗಿ ಬಂದಿದ್ದೆ. ನಾವು ನೋಡುತ್ತಿದ್ದ ಹಾಗೇ ಚುಕ್ಕಿ ಆರಿತು. ಕೆಳಗೆ ಗಿರಣಿಯೂ ನಿಂತಿತ್ತೋ ಏನೋ, ಎಲ್ಲ ಗಪ್‌ಚಿಪ್ ಆಗಿತ್ತು. "ಮೇಡಂ, ಆಯನ, ಅಂದರೆ ಅವರ ಲಾಗಿನ್ ಮುಚ್ಚಿಬಿಡೋಣ" ಎಂದ ಆಂಜನೇಯುಲು, ತೀರ ಸಣ್ಣ ದನಿಯಲ್ಲಿ. ಯಾರಿಗೆ ಕೇಳಿಸೀತೆಂದು ಅಷ್ಟು ಮೆಲ್ಲಗೆ ಹೇಳಿದನೋ ನಾನು ಕೇಳಲಿಲ್ಲ.

ಮುಚ್ಚುವ ಮೊದಲು ಅವರ ಹೆಂಡತಿ ಶಾಂತಮ್ಮನವರಿಗೆ ಒಂದು ಮಾತು ಹೇಳಬೇಕಲ್ಲ. ಈಗ ಅಂಗಡಿ ನಡೆಸುವವರು ಅವರೇ. ಮುಂದಿನ ಅಮಾವಾಸ್ಯೆಗೆ ಬಸ್ಸು ಹತ್ತಿದೆ. ಆಂಜನೇಯುಲುಗೆ ಅಂದೇ ಸರಿಯಾಗಿ ಹೊಟ್ಟೆನೋವು ಬಂತು. ಮಕ್ತಲ್ ದಾಟಿ ಕೃಷ್ಣೆಯ ಮೇಲೆ ಹೋಗುವಾಗ ನೀರು ಕಪ್ಪಗೆ, ಅಲುಗದೆ ನಿಂತಿತ್ತು. ದೆವ್ವ ನಂಬದವಳಾದ್ದರಿಂದ ನಾನು ಕಿಟಕಿ ಬಿಟ್ಟು ಆಚೆ ಸೀಟಿಗೆ ಸರಿದು, ಮಾತಾಡುವ ಹೆಂಗಸೊಬ್ಬಳ ಪಕ್ಕ ಕೂತೆ.

ಅಂಗಡಿಯ ಹಿಂದೆಯೇ ಮನೆ. ನಡುಮನೆಗೆ ಕಿಟಕಿಯಿಲ್ಲ. ಹಣೆತುಂಬ ವಿಭೂತಿಯ ಸಂಗಪ್ಪನವರ ಫೋಟೋ, ಅದರ ಮುಂದೆ ಎಡೆ: ಹೋಳಿಗೆ, ಹುಗ್ಗಿ, ಒಂದು ಗ್ಲಾಸ್ ಚಹಾ, ಎಲೆ ಅಡಿಕೆ ತಂಬಾಕು. ಹಿರಿಯರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಅಮಾಸಿ ಅಮಾಸಿಗೆ ಇಡುವುದು ನಮ್ಮಲ್ಲಿ ಇದ್ದದ್ದೇ. ಎಡೆಯ ತುದಿಗೆ, ಕುಂಕುಮ ಹಚ್ಚಿಸಿಕೊಂಡು, ಚಾರ್ಜರಿನ ಬಾಲದ ಸಮೇತ ಅವರ ಫೋನು. ಶಾಂತಮ್ಮ ಅದನ್ನು ಹಚ್ಚಿ, ನಮ್ಮ ಆಪು ತೆರೆದು ಫೋಟೋದ ಕಡೆ ಮುಖ ಮಾಡಿ ಇಟ್ಟರು. "ಅಂಗಡಿ ಒಮ್ಮೆ ನೋಡದಿದ್ರ ಅವರಿಗೆ ತುತ್ತು ಇಳೀತಿದ್ದಿಲ್ಲರೀ" ಎಂದರು. ಕತ್ತಲಲ್ಲಿ ಆ ನೀಲಿ ಬೆಳಕು ಕೆಳಗಿನಿಂದ ಫೋಟೋದ ಗದ್ದಕ್ಕೆ ಬಿದ್ದು ಸಂಗಪ್ಪನವರು ಏನನ್ನೋ ಓದುತ್ತಿದ್ದಾರೆ ಅನಿಸಿತು. ಹಿರಿಯರು ಉಣ್ಣುವಾಗ ನೋಡಬಾರದೆಂದು ಬಾಗಿಲು ಮುಚ್ಚಿ ಇಬ್ಬರೂ ಹೊರಗೆ ಕೂತೆವು. ಶಾಂತಮ್ಮ ತಮ್ಮ ಫೋನನ್ನು ಅಂಗೈಯಲ್ಲಿ ಹಿಡಿದು ಕಾಯುತ್ತಿದ್ದರು. ಹಸಿರು ಚುಕ್ಕಿ ಹತ್ತಿತು. "ಬಂದ್ರು" ಎಂದರು. ಆಪು ತೆರೆದಿಟ್ಟಿದ್ದನ್ನು ಕಣ್ಣಾರೆ ನೋಡಿದ್ದರೂ ನನ್ನ ಮೈಮೇಲೆ ಮುಳ್ಳೆದ್ದವು.

ಸೀರೆಗಳು ಯಾಕೆ ವಾಪಸು ಬರುತ್ತಿದ್ದವು ಎಂಬುದು ಅಲ್ಲಿಗೆ ತಿಳಿಯಿತು. ಆ ಫೋನಿನಲ್ಲಿ ಸಂಗಪ್ಪನವರು ಬಿಟ್ಟುಹೋದ ದಿನದ ಅಂಗಡಿ ಹಾಗೆಯೇ ಇತ್ತು. ತೆರೆದ ಕೂಡಲೇ ಅದನ್ನೆಲ್ಲ ಮೇಲಕ್ಕೆ ಕಳಿಸುತ್ತಿತ್ತು. ಕೊನೆಗೆ ಹೇಳಿದವರು ಅವರೇ ಆದ್ದರಿಂದ ಸಂದೂಕು ಅವರ ಮಾತನ್ನೇ ನಿಜವೆನ್ನುತ್ತಿತ್ತು. ಇದನ್ನು ಶಾಂತಮ್ಮನವರಿಗೆ ಸಮಾಧಾನದಿಂದ ಬಿಡಿಸಿ ಹೇಳಿದೆ. ಅವರು ನನ್ನನ್ನೇ ಪಾಪ ಎನ್ನುವ ಹಾಗೆ ನೋಡಿದರು. "ಅದು ನನಗೂ ಗೊತ್ತೈತ್ರೀ. ಫೋನ್ ಹಚ್ಚಿದಾಕಿ ನಾನ. ಹೋಳಿಗಿ ಮಾಡಿದಾಕಿನೂ ನಾನ. ಉಣ್ಣಾಕ ಬರೋರು ಅವರು." ಆಮೇಲೆ ನನ್ನ ಕೈ ಹಿಡಿದುಕೊಂಡರು. "ಸೀರಿದು ಏನರ ಮಾಡ್ಕೋರಿ. ಆ ಹಸಿರು ದೀಪ ಒಂದು ತಗೀಬ್ಯಾಡ್ರಿ ತಾಯಿ. ತಿಂಗಳಿಗೆ ಒಮ್ಮಿ ಅದನ್ನ ನೋಡಾಕ ನಾನು ದಿನಾ ಅಂಗಡಿ ಬಾಗಿಲಾ ತಗೀತೀನಿ." ಲಾಗಿನ್ ಮುಚ್ಚುವ ಮಾತು ಬಾಯಿಗೇ ಬರಲಿಲ್ಲ.

ಇತ್ತ ಇಸ್ಮಾಯಿಲ್ ಭಾಯಿ, ಮದುವೆಗಳು ಶುರುವಾಗುವುದರೊಳಗೆ ಇದು ಸರಿಹೋಗದಿದ್ದರೆ ನಿಮ್ಮ ಆಪಿಗೊಂದು ಸಲಾಮು ಎಂದುಬಿಟ್ಟಿದ್ದರು. ಪಟವಾರಿಯೋ ಸಂದೂಕೋ ಎಂದು ಹೋಲಿಸಿ ಮೂವರೂ ಅಂಗಡಿಯವರಿಗೆ ವರದಿ ಕೊಡಬೇಕಾಗಿತ್ತು. ನಾನು ಎರಡೂ ಇರಲಿ ಎಂದು ಬರೆದೆ. ಸೀರೆಗಳು ಪಟವಾರಿಯ ಹತ್ತಿರ ಹೋಗಲಿ. ಹಳೇ ಮಾತು ತಂದವರು ಯಾರೇ ಆಗಲಿ, ಯಾವ ಲೋಕದಿಂದಲೇ ಬರಲಿ, ಆತ ಒಳಗೆ ಬಿಡುವುದಿಲ್ಲ. ಫೋಟೋ, ಹರಟೆ, ಯಾರು ಬಂದರು ಯಾರು ಹೋದರು ಎನ್ನುವ ಚುಕ್ಕಿ, ಇವು ಸಂದೂಕಿನಲ್ಲೇ ಇರಲಿ. ದೊಡ್ಡ ದೊಡ್ಡ ಕಂಪನಿಗಳೂ ಹೀಗೇ ಮಾಡುತ್ತವೆ ಎಂದು ಕೊನೆಗೊಂದು ಸಾಲು ಸೇರಿಸಿದೆ. ಅದು ನಿಜವೇ. ಅವರು ಯಾಕೆ ಮಾಡುತ್ತಾರೋ ನನಗೆ ಗೊತ್ತಿಲ್ಲ.

ಆಮೇಲೆ ಸೀರೆಗಳು ಮಾರಿಹೋದಲ್ಲೇ ಉಳಿದವು. ಅಮಾವಾಸ್ಯೆಗೆ ಚುಕ್ಕಿ ಹತ್ತುತ್ತಿತ್ತು, ಆರುತ್ತಿತ್ತು. ಎಲ್ಲ ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ, ಮೊನ್ನೆಯ ಅಮಾವಾಸ್ಯೆ ಬೆಳಿಗ್ಗೆ ಶಾಂತಮ್ಮ ಅಳುತ್ತ ಫೋನು ಮಾಡಿದರು. ಸಂಗಪ್ಪನವರ ಫೋನು ಉಬ್ಬಿಕೊಂಡು ಕೆಟ್ಟಿದೆಯಂತೆ. ಮಕ್ತಲಿನ ರಿಪೇರಿ ಅಂಗಡಿಯಲ್ಲಿ ಬ್ಯಾಟರಿ ತೆಗೆದು ಬಿಚ್ಚಿಟ್ಟಿದ್ದಾರಂತೆ. "ಈ ಸಲ ಅವರು ಹ್ಯಾಂಗ ಬರ್ತಾರ್ರೀ?" "ನೀವು ಎಡಿ ಹಿಡೀರಿ, ನೋಡೋಣು" ಎಂದೆ. ಫೋನಿಟ್ಟು ಆಂಜನೇಯುಲುವಿನ ಮುಖ ನೋಡಿದೆ. ಅವನು ನನ್ನ ಕಂಪ್ಯೂಟರಿನಲ್ಲಿ ಒಂದು ಗುಂಡಿ ಮಾಡಿಕೊಟ್ಟ; ಒತ್ತಿದರೆ ಸಂಗಪ್ಪನವರ ಚುಕ್ಕಿ ಹತ್ತಬೇಕು. ಮೋಸ ಹೌದು. ಆದರೂ ಆ ಹೆಂಗಸು ಕತ್ತಲ ಬಾಗಿಲ ಮುಂದೆ ಸುಮ್ಮನೆ ಕಾಯುತ್ತ ಕೂರುವುದನ್ನು ನೆನೆಸಿಕೊಳ್ಳಲು ನನ್ನಿಂದ ಆಗಲಿಲ್ಲ.

ಮಧ್ಯಾಹ್ನ ಶಾಂತಮ್ಮ ಮತ್ತೆ ಕರೆ ಮಾಡಿ "ಬಾಗಿಲಾ ಮುಚ್ಚೀನ್ರಿ" ಎಂದರು. ಆಂಜನೇಯುಲು ಚಹಾ ತರಲು ಕೆಳಗೆ ಹೋಗಿದ್ದ. ನಾನು ಗುಂಡಿಯ ಕಡೆ ಬೆರಳು ಚಾಚಿದೆ. ಬೆರಳಿಗೂ ಗುಂಡಿಗೂ ಇನ್ನೂ ಗೇಣು ಅಂತರವಿತ್ತು, ಚುಕ್ಕಿ ಹತ್ತಿತು. ಫೋನಿನಲ್ಲಿ ಶಾಂತಮ್ಮ ಮೂಗು ಒರೆಸಿಕೊಂಡು ನಕ್ಕಿದ್ದು ಕೇಳಿಸಿತು. "ಬಂದ್ರು ನೋಡ್ರಿ. ಫೋನ್ ಇಲ್ಲದಿದ್ರೂ ಬಂದ್ರು."

ಆಂಜನೇಯುಲು ಚಹಾ ಹಿಡಿದು ಬಂದು ಪರದೆ ನೋಡಿ ಸಮಾಧಾನದ ಉಸಿರು ಬಿಟ್ಟ. "ಒತ್ತಿದಿರಲ್ಲಾ ಮೇಡಂ?" "ಹೂಂ, ಒತ್ತಿದೆ" ಎಂದೆ. ಚಹಾ ಕುಡಿಯುತ್ತ ಸೀರೆಯ ಮೇಲೆ ಚೆಲ್ಲಿಕೊಂಡೆ. ಚುಕ್ಕಿ ಎಲ್ಲಿಂದ ಹತ್ತಿತು ಎಂಬುದೆಲ್ಲ ಆಪು ತಾನೇ ಬರೆದಿಟ್ಟುಕೊಳ್ಳುವ ಲಾಗ್‌ನಲ್ಲಿ ಬಿದ್ದಿರುತ್ತದೆ. ತೆರೆದರೆ ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ. ಯಾರು ಏನೇ ತಕರಾರು ತಂದರೂ ಮೊದಲು ಲಾಗ್ ತೋರಿಸಿ ಎಂದು ಜಬರ್ದಸ್ತು ಮಾಡುವವಳು ನಾನು. ಆದರೆ ಇದೊಂದನ್ನು ಇವತ್ತಿಗೂ ತೆರೆದಿಲ್ಲ. ಹೆದರಿಕೆ ಗಿದರಿಕೆ ಏನಿಲ್ಲ. ಅಲ್ಲಿ ಸ್ವಲ್ಪ ಜಾರುತ್ತದೆ, ಅದಕ್ಕೆ.