ನಾಲ್ಕು ಇಲಾಖೆಗೆ ನಾಲ್ಕು ಲೋಟ

ಒಬ್ಬೊಬ್ಬರಿಗೆ ಒಂದೊಂದು ಚಟ. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು, ನಮ್ಮ ಎದುರುಮನೆಯವರಿಗೆ ಬೆಳಗಾಗೆದ್ದು ಊರವರಿಗೆಲ್ಲ ಫೋನಿನಲ್ಲಿ ಗುಲಾಬಿ ಹೂವಿನ ಚಿತ್ರ ಕಳಿಸುವುದು. ನನ್ನದು ಬರೆದುಕೊಳ್ಳುವ ಚಟ. ಯಾರು ಏನು ಕಷ್ಟ ಹೇಳಿಕೊಂಡರೂ ನನ್ನ ಕೈ ಪೆನ್ನಿಗೆ ಹೋಗುತ್ತದೆ, ಬಾಯಿ ತಾನಾಗಿಯೇ "ಬರ್ಕೊಂಡೆ" ಎನ್ನುತ್ತದೆ. ಬರೆದುಕೊಂಡ ಮೇಲೆ ಮನಸ್ಸಿಗೆ ಎಂಥ ನೆಮ್ಮದಿ ಅಂತೀರಿ! ಅರ್ಧ ಕಷ್ಟ ಅಲ್ಲಿಗೇ ತೀರಿತು ಅನ್ನಿಸುತ್ತದೆ, ನನಗೆ. ಹೇಳಿಕೊಂಡವರಿಗೆ ಏನನ್ನಿಸುತ್ತದೋ ಎಂದು ಯೋಚಿಸುವ ಬುದ್ಧಿ ಮೊನ್ನೆ ಮೊನ್ನೆಯವರೆಗೂ ಬಂದಿರಲಿಲ್ಲ. ಬಚ್ಚಲ ನಲ್ಲಿ ಸೋರುತ್ತಿದೆ ಎಂದು ನನ್ನ ಹೆಂಡತಿ ಸರೋಜ ಹೇಳಿದಾಗಲೂ "ಬರ್ಕೊಂಡೆ" ಎಂದಿದ್ದೆ. ಅವಳು ನಲ್ಲಿಯ ಕೆಳಗೊಂದು ಬಕೆಟ್ಟು ಇಟ್ಟು, "ಇದನ್ನೂ ಬರ್ಕೊಳ್ಳಿ, ತುಂಬಿದಾಗ ಎತ್ತಿ ಸುರಿಯೋರು ನೀವೇ" ಎಂದಳು. ಆ ಬಕೆಟ್ಟು ಇಂದಿಗೂ ಅಲ್ಲೇ ಇದೆ.

ಬಂಗಾರಪೇಟೆಯ ಒಂದು ಕಚೇರಿಯಲ್ಲಿ ನಾನು ಗುಮಾಸ್ತ. ಯಾವ ಕಚೇರಿ ಎಂದು ಮಾತ್ರ ಕೇಳಬೇಡಿ, ನಿವೃತ್ತಿಗೆ ಇನ್ನೂ ಎರಡು ವರ್ಷ ಇದೆ. ಅಲ್ಲಿ ತಿಂಗಳಿಗೊಮ್ಮೆ ಸಮನ್ವಯ ಸಭೆ ನಡೆಯುತ್ತದೆ. ಆರೋಗ್ಯದವರು, ಅಂಗವಿಕಲರ ಕಲ್ಯಾಣದವರು, ಅಂಗನವಾಡಿಯವರು, ಪಂಚಾಯಿತಿಯವರು, ಹೀಗೆ ನಾಲ್ಕು ಕಡೆಯವರು ಒಂದೇ ಮೇಜಿನ ಸುತ್ತ ಕೂತು, ನಮ್ಮ ಸುತ್ತಿನ ಹಳ್ಳಿಗಳಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಕೂಡಿ ಯೋಜನೆ ಹಾಕಬೇಕು. ಅದಕ್ಕೆ ಜಂಟಿ ಯೋಜನೆ ಎಂದು ಹೆಸರು. ನಾನು ಕಂಡಂತೆ ಆ ನಾಲ್ವರೂ ಜಂಟಿಯಾಗಿ ಮಾಡುತ್ತಿದ್ದ ಕೆಲಸ ಒಂದೇ, ಸಂಜೆಯ ಬೆಂಗಳೂರು ರೈಲು ಹಿಡಿಯುವುದು. ಬೋಂಡಾ ಖಾಲಿಯಾಗುವ ಹೊತ್ತಿಗೆ ಒಬ್ಬರು ಗಡಿಯಾರ ನೋಡುತ್ತಾರೆ, ಇನ್ನೊಬ್ಬರು ಬ್ಯಾಗಿಗೆ ಕೈ ಹಾಕುತ್ತಾರೆ, ಅಧ್ಯಕ್ಷರು "ಉಳಿದದ್ದನ್ನ ನಮ್ಮ ಗುಮಾಸ್ತರು ನೋಡ್ಕೋತಾರೆ" ಎಂದು ಎದ್ದುಬಿಡುತ್ತಾರೆ. ಈ ರೈಲಿನ ದೆಸೆಯಿಂದ ನಮ್ಮಲ್ಲೊಂದು ಪದ್ಧತಿಯೇ ಬೆಳೆದುಬಿಟ್ಟಿತ್ತು. ಸಭೆಯ ನಡಾವಳಿಯನ್ನು ಸಭೆಗೆ ಎರಡು ದಿನ ಮುಂಚೆಯೇ ನಾನು ಬರೆದಿಡುತ್ತಿದ್ದೆ. "ಸುದೀರ್ಘವಾಗಿ ಚರ್ಚಿಸಿ ತೀರ್ಮಾನಿಸಲಾಯಿತು" ಎಂದು ನಾನು ಬರೆಯುವಾಗ ಚರ್ಚಿಸಬೇಕಾದವರು ಇನ್ನೂ ಅವರವರ ಮನೆಯಲ್ಲಿ ಕಾಫಿ ಕುಡಿಯುತ್ತಿರುತ್ತಿದ್ದರು. ನನ್ನ ನಡಾವಳಿಯಲ್ಲಿ ಒಂದು ಅಕ್ಷರವೂ ತಪ್ಪಿರುವುದಿಲ್ಲ ಎಂದು ನಾಲ್ಕು ಇಲಾಖೆಯವರೂ ಹೊಗಳುತ್ತಿದ್ದರು. ನಾನೂ ಉಬ್ಬುತ್ತಿದ್ದೆ, ಸುಳ್ಳೇಕೆ ಹೇಳಲಿ.

ಯೋಜನೆಯ ಕರಪತ್ರ ಅಚ್ಚಾಗುವಾಗ ಅದರಲ್ಲಿ ಜನ ವಿಚಾರಿಸುವುದಕ್ಕೆ ಒಂದು ಫೋನ್ ನಂಬರು ಹಾಕಬೇಕಾಗಿ ಬಂತು. ನಾಲ್ವರಲ್ಲಿ ಒಬ್ಬರೂ ತಮ್ಮ ನಂಬರು ಕೊಡಲೊಲ್ಲರು. ಕೊನೆಗೆ ನನ್ನ ಮೇಜಿನ ಮೇಲಿನ ಫೋನಿನ ನಂಬರೇ ಅಚ್ಚಾಯಿತು. ಹಾಗಾಗಿ ಚೌಡಮ್ಮ ನನಗೆ ಗಂಟುಬಿದ್ದಳು. ಕ್ಯಾಸಂಬಳ್ಳಿ ಕಡೆಯ ಹಳ್ಳಿಯವಳು, ಟೊಮೆಟೊ ತೋಟದಲ್ಲಿ ಕೂಲಿ. ಅವಳ ತಂಗಿ ಗೌರಿ ಕಟ್ಟಡದ ಕೆಲಸದಲ್ಲಿ ಸಾರವೆ ಮೇಲಿಂದ ಬಿದ್ದು, ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಮಲಗಿದ್ದಳು. ಮಲಗಿ ಮಲಗಿ ಬೆನ್ನಲ್ಲಿ ಗಾಯವಾಗಿತ್ತು. "ಸಾಮೀ, ನಾನು ಕೂಲಿಗೋದ್ರೆ ಅವಳೊಬ್ಳೇ ಆಗ್ತಾಳೆ. ಓಗ್ದಿದ್ರೆ ಇಬ್ರಿಗೂ ಇಟ್ಟಿಲ್ಲ. ವಾರಕ್ಕೆ ಎರಡು ಸಲ ಯಾರಾನಾ ಬಂದು ಗಾಯ ತೊಳ್ದು ಕಟ್ಟಿದ್ರೆ ಸಾಕು ಸಾಮೀ, ಇನ್ನೇನೂ ಬ್ಯಾಡ" ಎಂದು ಅವಳು ಪ್ರತಿ ಮಂಗಳವಾರ ಫೋನು ಮಾಡುತ್ತಿದ್ದಳು. ನಾನು ಪ್ರತಿ ಮಂಗಳವಾರ "ಬರ್ಕೊಂಡೆ ಕಣಮ್ಮ" ಎನ್ನುತ್ತಿದ್ದೆ.

ಒಂದು ತಿಂಗಳು ಅವಳ ಮೇಲೆ ಕನಿಕರ ಉಕ್ಕಿ ಬಂದು, ನಡಾವಳಿಯ ಆರನೇ ವಿಷಯವಾಗಿ ಗೌರಿಯ ಹೆಸರು ಸೇರಿಸಿದೆ. "ಬರುವ ಮಂಗಳವಾರ ನಾಲ್ಕೂ ಇಲಾಖೆಯವರು ಪರಸ್ಪರ ಸಹಕಾರದಿಂದ ಮನೆಗೆ ಜಂಟಿ ಭೇಟಿ ನೀಡಲು ತೀರ್ಮಾನಿಸಲಾಯಿತು." ವಾಕ್ಯ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಎರಡು ಸಲ ಓದಿಕೊಂಡೆ. ಆ ಉತ್ಸಾಹದಲ್ಲಿ ಚೌಡಮ್ಮನಿಗೆ ನಾನೇ ಫೋನು ಮಾಡಿ, "ತೀರ್ಮಾನ ಆಗಿದೆ ಕಣಮ್ಮ, ಮಂಗಳವಾರ ನಾಲ್ಕು ಜನ ಬರ್ತಾರೆ, ನೀನು ಧೈರ್ಯವಾಗಿ ಕೂಲಿಗೆ ಹೋಗು" ಎಂದುಬಿಟ್ಟೆ. ಸಭೆ ನಡೆಯಿತು. ನಾಲ್ಕನೇ ವಿಷಯಕ್ಕೇ ರೈಲಿನ ಹೊತ್ತಾಯಿತು. ಆರನೆಯದನ್ನು ಯಾರೂ ಬಾಯಲ್ಲಿ ಆಡಲಿಲ್ಲ. ಆದರೂ ನಡಾವಳಿ ನಾಲ್ಕೂ ಕಚೇರಿಗೆ ಹೋಯಿತು, ನಾಲ್ಕೂ ಕಚೇರಿಯಲ್ಲಿ ಕಡತ ಸೇರಿತು. ಅದನ್ನು ಓದಿದವಳು ಒಬ್ಬಳೇ, ಆರೋಗ್ಯದ ಕಡೆಯ ನರ್ಸ್ ಸೆಲ್ವಿ. ಚಿನ್ನದ ಗಣಿ ಕೂಲಿಗಳ ಊರಿಗಾಂ ಲೈನಿನಲ್ಲಿ ಹುಟ್ಟಿ ಬೆಳೆದವಳು, ಕಾಗದದಲ್ಲಿ ಬರೆದದ್ದನ್ನು ನಿಜವೆಂದೇ ನಂಬುವ ಪಾಪದ ಹೆಂಗಸು. ಆ ಮಂಗಳವಾರ ಅವಳು ಹತ್ತಿ, ಔಷಧಿ, ಬ್ಯಾಂಡೇಜು ಎಲ್ಲ ಬ್ಯಾಗಿಗೆ ತುಂಬಿಕೊಂಡು, ಯಾವುದಾದರೂ ಇಲಾಖೆಯ ಜೀಪು ಬಂದೀತೆಂದು ತನ್ನ ಆಸ್ಪತ್ರೆಯ ಗೇಟಿನಲ್ಲಿ ಮಧ್ಯಾಹ್ನ ಎರಡರವರೆಗೆ ನಿಂತಿದ್ದಳಂತೆ. ಜೀಪು ಯಾರದ್ದು ಎಂದು ನಾನು ಬರೆದೇ ಇರಲಿಲ್ಲ. ಪರಸ್ಪರ ಸಹಕಾರ ಎಂದಷ್ಟೇ ಬರೆದಿದ್ದೆ.

ಮಾರನೇ ದಿನ ಚೌಡಮ್ಮನ ಫೋನು ಬಂತು. ಬೈಯುತ್ತಾಳೆಂದು ಹೆದರಿಕೊಂಡೇ ಎತ್ತಿದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಸಾಮೀ, ನಾಕು ಜನ ಬತ್ತಾರೆ ಅಂದಿದ್ರಲ್ಲಾ. ನಮ್ಮನೇಲಿರೋದು ಎರಡೇ ಲೋಟ. ಪಕ್ಕದ್ ಮನೇಲಿ ಇನ್ನೆರಡು ಈಸ್ಕೊಂಡು, ನಾಕೂ ತೊಳ್ದು, ಪ್ಲಾಸ್ಕಲ್ಲಿ ಟೀ ಆಕಿ ಗೌರಿ ಕೈಗೆ ಎಟುಕಂಗೆ ಇಟ್ಟೋಗಿದ್ದೆ. ಸಂಜೆ ಬಂದು ನೋಡಿದ್ರೆ ಟೀ ಅಂಗೇ ಅದೆ. ನೀನಾನಾ ಒಂದ್ ಲೋಟ ಕುಡೀಬಾರ್ದೇನಲೇ ಅಂದ್ರೆ, ಬಂದೋರಿಗೆ ಕಮ್ಮಿ ಆದ್ರೇನಕ್ಕಾ ಅಂತಾಳೆ." ಬೆಳಗಿನಿಂದ ಸಂಜೆವರೆಗೆ ಒಂದು ಗುಟುಕು ಟೀ ಕೂಡ ಕುಡಿಯದೆ, ನಾಲ್ಕು ಲೋಟ ಕಾಯುತ್ತ ಬಾಗಿಲ ಕಡೆ ನೋಡುತ್ತ ಮಲಗಿದ್ದ ಒಬ್ಬ ಹೆಂಗಸು ಕಣ್ಣಮುಂದೆ ಬಂದಳು. ಏನಾದರೂ ಹೇಳಬೇಕಿತ್ತು. "ಬರ್ಕೊಂಡೆ ಕಣಮ್ಮ" ಎಂದೆ.

ಮುಂದಿನ ಸಭೆಯಲ್ಲಿ ಜ್ಞಾಪನಾ ಪತ್ರ ಬರೆಯಲು ಅಪ್ಪಣೆಯಾಯಿತು. ಬರೆದೆ. ಅದರ ಮುಂದಿನ ಸಭೆಯಲ್ಲಿ ಜ್ಞಾಪನಾ ಪತ್ರಕ್ಕೆ ಜ್ಞಾಪನಾ ಪತ್ರ. ಅದನ್ನೂ ಬರೆದೆ. ಅಷ್ಟರಲ್ಲಿ ಮಂಗಳವಾರದ ಫೋನು ನಿಂತುಹೋಯಿತು. ಪೀಡೆ ತೊಲಗಿತೆಂದು ಮೊದಲ ವಾರ ಹಾಯೆನಿಸಿದ್ದೂ ನಿಜ, ಇದನ್ನು ಒಪ್ಪಿಕೊಳ್ಳಲೇಬೇಕು. ಎರಡನೇ ವಾರ ಆ ಸುಮ್ಮನಿದ್ದ ಫೋನನ್ನು ಎತ್ತಿ ಎತ್ತಿ ಕಿವಿಗಿಟ್ಟು, ಕೆಟ್ಟಿಲ್ಲವಷ್ಟೇ ಎಂದು ನೋಡಿದೆ. ಮನೆಯಲ್ಲಿ ಮುದ್ದೆ ಮುಂದಿಟ್ಟುಕೊಂಡು ಕೂತವನನ್ನು ಸರೋಜ ಬಿಡಿಸಿ ಬಿಡಿಸಿ ಕೇಳಿದಳು. ಎಲ್ಲ ಕೇಳಿದ ಮೇಲೆ, "ಆ ನಾಲ್ಕು ಜನ ಹಾಳಾಗಿ ಹೋಗ್ಲಿ. ನಿಮಗೇನು ಕಾಲಿಲ್ವಾ?" ಎಂದಳು. ಇಷ್ಟು ವರ್ಷದ ನೌಕರಿಯಲ್ಲಿ ಇಂಥ ಸೂಚನೆ ಯಾವ ಸಭೆಯಲ್ಲೂ ಬಂದಿರಲಿಲ್ಲ.

ರಜೆ ಹಾಕಿದೆ. ಸೆಲ್ವಿಯನ್ನು ಕೇಳಿಕೊಂಡೆ, ಅವಳೂ ಹೊರಟಳು. ಇಬ್ಬರೂ ಕ್ಯಾಸಂಬಳ್ಳಿ ಬಸ್ಸು ಹತ್ತಿದೆವು. ಹಿಂದಿನ ಸೀಟಿನಲ್ಲಿ ಹಾಲಿನ ಕ್ಯಾನು, ಮುಂದೆ ಕೋಳಿ, ಮಧ್ಯೆ ನಾವು. ಸ್ವಲ್ಪ ದೂರ ಹೋದ ಮೇಲೆ ಸೆಲ್ವಿ, "ಸಾರ್, ಈ ಬಸ್ಸು ದಿನಾ ಇರುತ್ತಾ?" ಎಂದಳು. "ದಿನಾ ಇರುತ್ತಮ್ಮ" ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು.

ಗೌರಿ ಗೋಡೆಯ ಪಕ್ಕದ ಮಂಚದ ಮೇಲಿದ್ದಳು. ಕಣ್ಣು ಮಾತ್ರ ದೊಡ್ಡದಾಗಿ, ಉಳಿದದ್ದೆಲ್ಲ ಸಣ್ಣಗಾಗಿತ್ತು. ಮನೆಯ ತುಂಬ ಗಾಯದ ವಾಸನೆ. ಸೆಲ್ವಿ ಗಾಯಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿ ನೋಡಿ, "ಅಡ ಕಡವುಳೇ" ಎಂದು ತಮಿಳಿನಲ್ಲೇ ದೇವರನ್ನು ಕರೆದು ಬಾಯಿಗೆ ಕೈ ಇಟ್ಟಳು. ತೊಳೆದು ಕಟ್ಟಿದ ಮೇಲೆ ನನ್ನನ್ನು ಹೊರಗೆ ಕರೆದು, "ಆ ಮಂಗಳವಾರ ಬಂದಿದ್ರೆ ನನ್ ಕೈಯಲ್ಲೇ ಆಗ್ತಿತ್ತು ಸಾರ್. ಈಗ ಮೂಳೆವರೆಗೂ ಹೋಗಿದೆ. ಇವತ್ತೇ ದೊಡ್ಡಾಸ್ಪತ್ರೆಗೆ ಸೇರಿಸ್ಬೇಕು" ಎಂದಳು. ಕೂಲಿ ಬಿಟ್ಟು ಮನೆಯಲ್ಲೇ ಉಳಿದಿದ್ದ ಚೌಡಮ್ಮ ಅದನ್ನು ಕೇಳಿಸಿಕೊಂಡು ಹೊಸ್ತಿಲ ಮೇಲೆ ಕುಕ್ಕರಿಸಿದಳು. ಆಂಬುಲೆನ್ಸಿಗೆ ಹೇಳಿ ಕಾಯುತ್ತಿದ್ದಾಗ ಗೌರಿ ಅಕ್ಕನಿಗೆ ಟೀ ಕಾಯಿಸಲು ಹೇಳಿದಳು. ಗೂಡಿನಲ್ಲಿದ್ದ ನಾಲ್ಕೂ ಲೋಟ ಕೆಳಗಿಳಿದವು. ನನಗೊಂದು, ಸೆಲ್ವಿಗೊಂದು ಕೊಟ್ಟ ಮೇಲೆ ಗೌರಿ ಬಾಗಿಲ ಕಡೆ ನೋಡಿ, "ಇನ್ನಿಬ್ರು ಎಲ್ಲಣ್ಣಾ?" ಎಂದಳು. ವ್ಯಂಗ್ಯವಲ್ಲ, ನಿಜವಾಗಿಯೇ ಕೇಳಿದಳು. ನಾನು, ದೇವರಾಣೆಗೂ ಯೋಚಿಸಿ ಹೇಳಿದ್ದಲ್ಲ, "ಮುಂದಿನ ಮಂಗಳವಾರ ಬರ್ತಾರಮ್ಮ" ಎಂದೆ.

ಆ ತಿಂಗಳ ಸಭೆಯಲ್ಲಿ ಅಧ್ಯಕ್ಷರಿಗೆ ಬಹಳ ಸಂತೋಷ. "ಜಂಟಿ ಭೇಟಿ ಆಯ್ತಲ್ರೀ, ಬರೀರಿ" ಎಂದರು. ನರ್ಸು ಮತ್ತು ಗುಮಾಸ್ತ ಬಸ್ಸಿನಲ್ಲಿ ಹೋದದ್ದು ಜಂಟಿ ಭೇಟಿಯಾಯಿತು. ಆರನೇ ವಿಷಯದ ಮುಂದೆ "ಇತ್ಯರ್ಥಪಡಿಸಲಾಗಿದೆ" ಎಂದು ಆಗಲೇ ಇತ್ತು. ಅದೂ ಎರಡು ದಿನ ಮುಂಚೆಯೇ ನಾನು ಬರೆದಿಟ್ಟದ್ದು.

ಅದಾದ ಮೇಲಿನ ಮಂಗಳವಾರ ಬೆಳಿಗ್ಗೆ ಫೋನು ಹೊಡೆದುಕೊಂಡಿತು. ಆ ಹೊತ್ತಿಗೆ ಇನ್ನಾರು ಮಾಡುತ್ತಾರೆ? ಓಡಿ ಎತ್ತಿದೆ. ಚೌಡಮ್ಮನೇ. ದನಿ ಮಾತ್ರ ಬಹಳ ದೂರದಿಂದ ಬಂದಂತಿತ್ತು. "ಸಾಮೀ, ಗೌರಿ ಆಸ್ಪತ್ರೇಲೇ ಓಗ್ಬಿಟ್ಳು. ಇವತ್ತಿಗೆ ಅನ್ನೊಂದು ದಿನ ಆಯ್ತು. ಪಕ್ಕದ್ ಮನೆಯೋರ್ ಲೋಟ ಅವ್ರಿಗೆ ವಾಪಸ್ ಕೊಟ್ಬಿಟ್ಟೆ. ಆ ಇನ್ನಿಬ್ರು ಬತ್ತಾರೆ ಅಂದಿದ್ರಲ್ಲಾ, ಇನ್ ಯಾರ್ನೂ ಕಳಿಸ್ಬೇಡಿ ಸಾಮೀ. ಅದನ್ನ ಏಳಾಣ ಅಂತ ಪೋನ್ ಮಾಡ್ದೆ."

ಕಣ್ಣು ಮಂಜಾಯಿತು, ಎದುರಿನ ಕಾಗದವೂ ಕಾಣಲಿಲ್ಲ. ಕ್ಷಮಿಸು ತಾಯಿ ಎನ್ನಬೇಕೆಂದು ಬಾಯಿ ತೆರೆದೆ. ಕೈಯಲ್ಲಿ ಆಗಲೇ ಪೆನ್ನಿತ್ತು.

"ಬರ್ಕೊಂಡೆ ಕಣಮ್ಮ" ಎಂದೆ.