ಕುದಿಸಿದ ಕಂಬಳಿ

ಸಿಟ್ಟಿನಲ್ಲಿ ಕೆಲಸ ಬಿಡುವುದಕ್ಕೆ ಯಾವ ವಿದ್ಯೆಯೂ ಬೇಕಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಒಮ್ಮೆ ಒದರಿ, ಎರಡು ಮಾತು ಬೈದು, ಮೆಟ್ಟು ಮೆಟ್ಟಿಕೊಂಡು ಹೊರಗೆ ಬಂದರಾಯಿತು. ಎಂಥ ಹೆಡ್ಡನೂ ಮಾಡಬಲ್ಲ, ನಾನೂ ಮಾಡಿದ್ದೇನೆ. ಆದರೆ ಬಿಟ್ಟ ಕೆಲಸಕ್ಕೆ ಮರಳಿ ಹೋಗುವುದಿದೆಯಲ್ಲ, ಅದಕ್ಕೆ ಮುಖದ ಚರ್ಮ ಎಮ್ಮೆಯದ್ದಾಗಿರಬೇಕು. ನನ್ನದು ಮೊದಲು ಅಷ್ಟು ದಪ್ಪ ಇರಲಿಲ್ಲ. ಮೊಳಕಾಲ್ಮೂರಿನ ದವಾಖಾನೆಯ ಡಾಕ್ಟರು ದಿನಾ ಉಜ್ಜಿ ಉಜ್ಜಿ ದಪ್ಪ ಮಾಡಿದರು. ಈಗ ಹಲ್ಲು ಬಿದ್ದ ಮೇಲೆ ತಪ್ಪೊಪ್ಪಿಗೆ ಬರೆಯಲು ಕೂತಿದ್ದೇನೆ. ತಪ್ಪು ಒಪ್ಪಿಕೊಳ್ಳುವವನ ಮನಸ್ಸು ತಣ್ಣಗಿರಬೇಕು ಎನ್ನುತ್ತಾರೆ. ನನ್ನದು ಹಾಗಿಲ್ಲ. ಪಶ್ಚಾತ್ತಾಪವೂ ಸಿಟ್ಟೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ ತಲೆಯೊಳಗೆ ಸುತ್ತುತ್ತಿವೆ. ಯಾವುದು ಯಾವುದನ್ನು ಎಳೆಯುತ್ತಿದೆಯೋ ತಿಳಿಯದು. ಸಾಲದ್ದಕ್ಕೆ ಮನೆ ತುಂಬ ಈಗ ಹಾಲು ಸೀದ ವಾಸನೆ. ಅದರ ವಿಚಾರ ಆಮೇಲೆ ಹೇಳುತ್ತೇನೆ.

ನಾನು ಚಿತ್ರದುರ್ಗದಲ್ಲಿ ಹೈಸ್ಕೂಲು ಮುಗಿಸಿದಾಗ ಮನೆಯವರೆಲ್ಲ ನಾನು ಅಮಲ್ದಾರರ ಕಚೇರಿಯಲ್ಲಿ ಕೂತು ರೈತರನ್ನು ಗದರಿಸುತ್ತೇನೆಂದು ಆಸೆಪಟ್ಟಿದ್ದರು. ನಾನು ಹೋಗಿ ಚಳ್ಳಕೆರೆಯ ದವಾಖಾನೆಯಲ್ಲಿ ಡ್ರೆಸ್ಸರ್ ಆದೆ. ಹೆಸರು ಡ್ರೆಸ್ಸರ್ ಅಂತ ಇದ್ದರೂ ಬರೀ ಗಾಯಕ್ಕೆ ಪಟ್ಟಿ ಕಟ್ಟುವುದಷ್ಟೇ ಅಲ್ಲ. ಗಂಡಸು ರೋಗಿಗಳ ಮೈ ಒರೆಸುವುದು, ಗಂಜಿ ಕುಡಿಸುವುದು, ಮಗ್ಗುಲು ಬದಲಿಸುವುದು, ಬಾಯಿ ಬಿಟ್ಟು ಹೇಳಬಾರದ್ದನ್ನೆಲ್ಲ ಎತ್ತಿ ಹಾಕುವುದು, ಎಲ್ಲ ನನ್ನದೇ. ಕಂಬಳಿ ನೇಯುತ್ತಿದ್ದ ನನ್ನ ಅಪ್ಪ ಮಗ್ಗದ ಮುಂದಿನಿಂದ ಏಳದೆಯೇ ಕೇಳಿದ: "ಹುಣ್ಣು ತೊಳಿಯೋಕೆ ಇಂಗ್ಲಿಷ್ ಯಾಕಲೇ ಬೇಕಿತ್ತು? ಹುಣ್ಣಿಗೆ ಇಂಗ್ಲಿಷ್ ಬರ್ತೈತಾ?" ಆದರೆ ಮೂರು ದಿನ ಬಾಯಿ ಬಿಡದೆ ಬಿದ್ದಿದ್ದ ಜ್ವರದವನು ಬೆಳಗಾಗುತ್ತಲೇ ಕಣ್ಣು ತೆರೆದು "ಒಂದಿಷ್ಟು ಮಜ್ಜಿಗೆ ಐತೇನಪ್ಪಾ?" ಎಂದು ಕೇಳುತ್ತಾನಲ್ಲ, ಆ ಮಾತು ಕೇಳಿದವನು ಮತ್ತೆ ಬೇರೆ ಕೆಲಸಕ್ಕೆ ಲಾಯಕ್ಕಾಗುವುದಿಲ್ಲ. ಇದು ನನ್ನ ದೌರ್ಬಲ್ಯ.

ನನ್ನ ಸಿಟ್ಟಿಗೆ ಕಾರಣ ಅಲ್ಲಿನ ಡಾಕ್ಟರು. ಮೈಸೂರಿನ ಕಡೆಯವರು, ಇಸ್ತ್ರಿ ಮಾಡಿದ ಕೋಟು, ಇಸ್ತ್ರಿ ಮಾಡಿದ ಮುಖ. ನಾನು ಕಟ್ಟಿದ ಪಟ್ಟಿಯನ್ನು ರೋಗಿಯ ಎದುರಿಗೇ ಬಿಚ್ಚಿ, "ಏನಯ್ಯ, ಇದು ಕಾಲೋ, ರಾಗಿ ಚೀಲದ ಬಾಯೋ? ಮತ್ತೆ ಕಟ್ಟು" ಎನ್ನುತ್ತಿದ್ದರು. ಮತ್ತೆ ಕಟ್ಟಿದರೆ ಮತ್ತೆ ಬಿಚ್ಚುತ್ತಿದ್ದರು. ಬೆಳಗ್ಗೆ ಬಂದ ಕೂಡಲೇ ನನ್ನ ಕೈ ಹಿಡಿದು ಮೂಸುತ್ತಿದ್ದರು, ಬೆಕ್ಕು ಮೀನಿನ ಬುಟ್ಟಿ ಮೂಸುವ ಹಾಗೆ. ಉಗುರಿನಲ್ಲಿ ಕರಿ ಕಂಡರೆ ಹಿತ್ತಲಿಗೆ ಅಟ್ಟುತ್ತಿದ್ದರು. ಒಂದು ದಿನ, ನನ್ನ ಮದುವೆಯಲ್ಲಿ ಊಟ ಮಾಡಿದ್ದ ಬೀಗರೇ ಹಾಸಿಗೆಯಲ್ಲಿದ್ದಾಗ, "ಈತನಿಗೆ ಕೊಟ್ಟಿರುವುದು ಎರಡು ಕೈ ಅಲ್ಲ, ಎರಡು ಸೌಟು" ಎಂದುಬಿಟ್ಟರು. ಬೀಗರು ನಕ್ಕರು. ನಾನು ಏಪ್ರನ್ ಬಿಚ್ಚಿ ಮೇಜಿನ ಮೇಲೆ ಎಸೆದು, ಎರಡು ಮಾತು ಬೈದು ಹೊರಬಿದ್ದೆ. ಬೀದಿಗೆ ಬಂದ ಮೇಲೆ ಗೊತ್ತಾಯಿತು, ಮೆಟ್ಟು ಒಳಗೇ ಉಳಿದಿತ್ತು. ಬಿಸಿಲಿನಲ್ಲಿ ಬರಿಗಾಲಲ್ಲಿ ಮನೆ ಸೇರಿದೆ. ಮೆಟ್ಟಿಗಾಗಿ ಒಳಗೆ ಹೋಗಿದ್ದರೆ ಸಿಟ್ಟಿಗೆ ಏನು ಮರ್ಯಾದೆ?

ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ನನ್ನ ಭಾವಮೈದನ ಎಣ್ಣೆ ಗಾಣದಲ್ಲಿ ಕಳೆದೆ. ಅಲ್ಲಿ ಯಾರೂ ಬೈಯುತ್ತಿರಲಿಲ್ಲ. ಯಾರಿಗೂ ನನ್ನಿಂದ ಏನೂ ಆಗಬೇಕಿರಲಿಲ್ಲ. ಗಾಣದ ಎತ್ತಿನ ಕುತ್ತಿಗೆ ನೊಗ ತಾಗಿ ಕೆತ್ತಿಹೋದರೆ ನಾನು ಬೇವಿನ ನೀರಿನಲ್ಲಿ ತೊಳೆದು, ಎಂಟರ ಆಕಾರದಲ್ಲಿ ಎಂಥ ಪಟ್ಟಿ ಕಟ್ಟುತ್ತಿದ್ದೆ ಎಂದರೆ ಗಿರಾಕಿಗಳು ಎಣ್ಣೆ ಬಿಟ್ಟು ಎತ್ತನ್ನು ನೋಡುತ್ತಿದ್ದರು. ನಾಯಿಗೂ ಕಟ್ಟಿದೆ. ಒಮ್ಮೆ ಸೀಳಿದ್ದ ಗಾಣದ ಮರಕ್ಕೂ ಕಟ್ಟಿದೆ. ಅವತ್ತು ನನ್ನ ಹೆಂಡತಿ ಗೌರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದು ಹೇಳಿದಳು: "ಸಾಕು ಬಿಡ್ರಿ. ನಾಳೆ ನನ್ನ ಒಲೆಗೂ ಪಟ್ಟಿ ಕಟ್ತೀರಿ. ಮೊಳಕಾಲ್ಮೂರಿನ ದವಾಖಾನೆಗೆ ಕೆಲಸ ಗೊತ್ತಿರೋ ಆಳು ಬೇಕಂತೆ. ಅಣ್ಣನ ಕೈಲಿ ಹೇಳಿ ಕಳಿಸೀನಿ. ಹೋಗ್ರಿ."

ಹೊಸ ಊರು, ಹೊಸ ಡಾಕ್ಟರು ಎಂದು ನಾನು ಗಾಡಿಯಲ್ಲಿ ಹಾಡು ಗುನುಗುತ್ತ ಹೋದೆ. ದವಾಖಾನೆಯ ಬಾಗಿಲಲ್ಲಿ ಇಸ್ತ್ರಿ ಮಾಡಿದ ಕೋಟು ನಿಂತಿತ್ತು. ಅದರ ಮೇಲೆ ಅದೇ ಮುಖ. ಕೂದಲು ಬೆಳ್ಳಗಾಗಿತ್ತು, ಅಷ್ಟೇ. ನನ್ನನ್ನು ಮೇಲಿಂದ ಕೆಳಗೆ ನೋಡಿ, ನಾನೇನೋ ಊಟಕ್ಕೆ ಹೋಗಿ ತಡವಾಗಿ ಬಂದವನೆಂಬಂತೆ ಹೇಳಿದರು: "ಬಂದೆಯಾ? ಕೈ ತೊಳೆದುಕೊಂಡು ಬಾ."

ನನಗೆ ಬಂದ ಸಿಟ್ಟನ್ನು ಬರೆಯಲು ಕನ್ನಡ ಸಾಲದು. ಇಲ್ಲಿಯವರು ಸಿಟ್ಟು ಬಂದರೆ ತೆಲುಗಿಗೆ ಇಳಿಯುತ್ತಾರೆ. ನನಗೆ ಅದೂ ಸಾಲಲಿಲ್ಲ. ಆಮೇಲೆ ಗೌರಮ್ಮನನ್ನು ಕೇಳಿದೆ, "ಇವರೇ ಇರೋದು ಅಂತ ನಿಂಗೆ ಗೊತ್ತಿತ್ತಾ?" ಅವಳು ಬಾಳಕದ ಮೆಣಸಿನಕಾಯಿ ಕರಿಯುತ್ತ ಅಂದಳು: "ಗೊತ್ತಿಲ್ದೆ ಏನು? ಹೇಳಿದ್ರೆ ನೀವು ಹೋಗ್ತಿದ್ರಾ?"

ಆದರೂ ನಾನು ಉಳಿದೆ. ಯಾಕೆಂದು ಕೇಳಬೇಡಿ, ಅವತ್ತೇ ಒಬ್ಬ ನೇಕಾರರ ಮುದುಕ ನನ್ನ ಕೈಯಿಂದ ಗಂಜಿ ಕುಡಿದು "ಇನ್ನೊಂದು ಗುಟುಕು" ಎಂದಿದ್ದ. ಉಳಿದೆ, ಆದರೆ ಒಂದು ವ್ರತ ಹಿಡಿದೆ. ಹಿಂದಿನ ಸಲ ಬಾಯಿ ಬಿಟ್ಟು ಕೆಟ್ಟಿದ್ದೆನಲ್ಲ, ಈ ಸಲ ಬಾಯಿಯೇ ಬಿಡಬಾರದು. ಡಾಕ್ಟರು ಕೈ ಮೂಸಲಿ, ಪಟ್ಟಿ ಬಿಚ್ಚಲಿ, ಸೌಟು ಎನ್ನಲಿ, "ಆಯ್ತು ಸಾರ್" ಎನ್ನುವುದು. ಹೇಳಿದ್ದನ್ನಷ್ಟೇ ಮಾಡುವುದು. ಅವರು ಬಾವಿಗೆ ಬೀಳಲು ಹೊರಟರೂ "ಆಯ್ತು ಸಾರ್" ಎಂದು ದಾರಿ ಬಿಡುವುದು. ಇದನ್ನು ನಾನು ತಾಳ್ಮೆ ಎಂದು ಕರೆದುಕೊಂಡೆ. ಊರವರೂ ಮೆಚ್ಚಿಕೊಂಡರು, ಈ ರುದ್ರಪ್ಪ ಎಷ್ಟು ಮೆತ್ತಗಿನವನು ಎಂದು.

ಆಗ ಬಂದವನು ಬೋರಯ್ಯ. ದೇವಸಮುದ್ರದ ಕಡೆಯ ಕುರಿಗಾರ. ಬ್ರಹ್ಮಗಿರಿಯ ಬಂಡೆಗಳ ನಡುವೆ ಕುರಿ ಮೇಯಿಸುವವನು. ಹಿಮ್ಮಡಿಗೆ ಜಾಲಿ ಮುಳ್ಳು ಮುರಿದು ಒಳಗೇ ಉಳಿದು, ಕಾಲು ಕುಂಬಳಕಾಯಿ ಆಗಿತ್ತು. ಡಾಕ್ಟರು ಕುಯ್ದು ತೊಳೆದರು. ಬೋರಯ್ಯ ಹಲ್ಲು ಕಚ್ಚಿಕೊಂಡು ಮಲಗಿದ್ದ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ದಿನಾ ತೊಳೆದು ಕಟ್ಟಬೇಕು. ಒಂದು ದಿನ ತಪ್ಪಿ ಮತ್ತೆ ಕೀವಾದರೆ ಪಾದ ತೆಗೆಸಬೇಕಾಗುತ್ತದೆ." ಕುರಿಯ ಹಿಂದೆ ದಿನಕ್ಕೆ ಹರದಾರಿಗಟ್ಟಲೆ ನಡೆಯುವವನಿಗೆ ಪಾದ ಇಲ್ಲದಿದ್ದರೆ ಏನುಂಟು?

ಬೋರಯ್ಯನ ಜೊತೆ ಅವನ ಕಂಬಳಿಯೂ ಬಂದಿತ್ತು. ನಮ್ಮ ಕಡೆ ಕುರಿಗಾರನ ಕಂಬಳಿ ಎಂದರೆ ಹಾಸಿಗೆ, ಹೊದಿಕೆ, ಮಳೆಗೆ ಕೊಪ್ಪೆ, ಎಳೆ ಮರಿಗೆ ಜೋಳಿಗೆ. ನೆಂಟರು ಬಂದರೆ ಅದೇ ಗದ್ದಿಗೆ, ದೇವರು ಬಂದರೂ ಅದೇ ಗದ್ದಿಗೆ. ಡಾಕ್ಟರಿಗೆ ಕಂಡದ್ದು ಅದರೊಳಗಿನ ಉಣ್ಣೆಹುಳ ಮಾತ್ರ. "ಥೂ! ಇದನ್ನು ಹಂಡೆಯಲ್ಲಿ ಹಾಕಿ ಚೆನ್ನಾಗಿ ಕುದಿಸು. ಕುದಿಸಿ ಒಣಗಿಸಿದ ಮೇಲೆ ಬೇಕಾದರೆ ಕೊಡು."

ಓದುಗರೇ, ನಾನು ಹುಟ್ಟಿದ್ದೇ ಕಂಬಳಿ ಮಗ್ಗದ ಪಕ್ಕದಲ್ಲಿ. ಕಂಬಳಿಗೆ ಬಳಿಯುವ ಹುಣಸೆ ಬೀಜದ ಗಂಜಿಯ ವಾಸನೆಯಲ್ಲೇ ಬೆಳೆದವನು. ಕಂಬಳಿಯನ್ನು ಕುದಿಸಿದರೆ ಏನಾಗುತ್ತದೆಂದು ನಮ್ಮ ಕೇರಿಯ ಎಳೆ ಮಕ್ಕಳಿಗೂ ಗೊತ್ತು. ಹೇಳುವುದಕ್ಕೆ ನನಗೆ ಬೇಕಾಗಿದ್ದದ್ದು ಒಂದೇ ಮಾತು. ಆದರೆ ಒಳಗಿನ ಸಿಟ್ಟು ಸಂತೋಷದಿಂದ ಕುಣಿಯಿತು. ಎಲ್ಲ ಬಲ್ಲ ಈ ಮನುಷ್ಯ ಒಮ್ಮೆಯಾದರೂ ಎಲ್ಲರೆದುರು ಬೆಪ್ಪಾಗಲಿ! "ಆಯ್ತು ಸಾರ್" ಎಂದೆ. ಹಂಡೆಗೆ ಉರಿಯನ್ನು ಬೇಕಾದ್ದಕ್ಕಿಂತ ಹೆಚ್ಚೇ ಒಡ್ಡಿದೆ. ಕೋಲಿನಿಂದ ತಿರುವಿದೆ. ನನ್ನ ಜೀವಮಾನದಲ್ಲಿ ಅಷ್ಟು ಶ್ರದ್ಧೆಯಿಂದ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಒಣಗಿದ ಮೇಲೆ ನೋಡಿದರೆ ಆಳುದ್ದದ ಕಂಬಳಿ ತೊಟ್ಟಿಲ ಹಾಸಿನಷ್ಟಾಗಿತ್ತು. ಗಟ್ಟಿಯಾಗಿ, ಎಮ್ಮೆಯ ನಾಲಗೆಯಂತೆ ಒರಟಾಗಿ, ಮೂಲೆಗಳೆಲ್ಲ ಸೊಟ್ಟ ತಿರುಗಿತ್ತು. ನಾನು ಡಾಕ್ಟರ ಮುಖ ನೋಡಲು ಕಾದೆ. ಆದರೆ ಅವರು ಹಳ್ಳಿಯ ಕರೆಗೆ ಹೋಗಿದ್ದರು. ನನಗೆ ನೋಡಲು ಸಿಕ್ಕಿದ್ದು ಬೋರಯ್ಯನ ಮುಖ. ಕುಯ್ಯುವಾಗ ಕೂಗದಿದ್ದವನು ಕಂಬಳಿಯನ್ನು ಎದೆಗೆ ಒತ್ತಿಕೊಂಡು, "ನಮ್ಮವ್ವ ಕೈಯಾರೆ ನೂತ ಉಣ್ಣೆ ಸ್ವಾಮಿ" ಎಂದು ಗೊಳೋ ಎಂದು ಅತ್ತ. ನಾನು ಗಾಬರಿಯಾಗಿ ದವಾಖಾನೆಯ ಬಿಳಿ ದುಪ್ಪಟಿ ಹೊದಿಸಲು ಹೋದೆ. ಅವನು ಚಿಮ್ಮಿ ಎದ್ದ. "ಬಿಳಿ ಬಟ್ಟೆ ಯಾರಿಗೆ ಹೊದಿಸ್ತಾರೆ ಅಂತ ನಂಗೊತ್ತಿಲ್ವಾ? ಇನ್ನೂ ಉಸಿರೈತೆ ಕಣಯ್ಯಾ ನಂಗೆ!" ಸಂಜೆ ಮೇವಿನ ಗಾಡಿಯೊಂದನ್ನು ನಿಲ್ಲಿಸಿ, ಹಸಿ ಗಾಯದ ಕಾಲನ್ನು ಜೋತುಬಿಟ್ಟುಕೊಂಡು ಹೊರಟೇಹೋದ. ನಾನು ಅಡ್ಡ ನಿಂತೆ, ಕೈ ಮುಗಿದೆ. ಕೇಳಲಿಲ್ಲ.

ಮರುದಿನ ಬೆಳಗ್ಗೆ ಖಾಲಿ ಮಂಚ ನೋಡಿ ಡಾಕ್ಟರು ಹೆಂಚು ಹಾರುವಂತೆ ಕೂಗಿದರು: "ಕರೆದುಕೊಂಡು ಬಾ! ಅವನು ಬರದಿದ್ದರೆ ನೀನೂ ಬರಬೇಡ!" ಇಷ್ಟು ವರ್ಷ ಅವರು ಬೈದದ್ದಕ್ಕೆಲ್ಲ ನನಗೆ ಸಿಟ್ಟು ಬಂದಿತ್ತು, ಆ ಒಂದು ಸಲ ಮಾತ್ರ ಬೈಗುಳ ಸಾಲದೆನಿಸಿತು. ನಮ್ಮವ್ವ ನನಗೆ ಕೊಟ್ಟಿದ್ದ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ಪಟ್ಟಿ ಔಷಧಿ ಗಂಟು ಕಟ್ಟಿಕೊಂಡು ಹೊರಟೆ.

ಬ್ರಹ್ಮಗಿರಿಯ ಬುಡದಲ್ಲಿ ಕುರಿ ಕೂಡುವ ರೊಪ್ಪದಲ್ಲಿ ಬೋರಯ್ಯ ಬಂಡೆಗೆ ಒರಗಿ ಕೂತಿದ್ದ. ಪಟ್ಟಿಯ ಮೇಲೆ ನೊಣ. ನಾನು ಬಿಚ್ಚಿ ತೊಳೆದೆ. ಅಂಚಿನಲ್ಲಿ ಕೆಂಪು ಏರತೊಡಗಿತ್ತು. ತಲೆ ಎತ್ತದೆಯೇ ಹೇಳಿದೆ, "ಬೋರಯ್ಯ, ಕುದಿಸಿದ್ರೆ ಹಿಂಗಾಗ್ತೈತೆ ಅಂತ ನಂಗೆ ಗೊತ್ತಿತ್ತು."

ಅವನು ಪಕ್ಕದಲ್ಲಿದ್ದ ಕುಗ್ಗಿದ ಕಂಬಳಿಯನ್ನು ಮಡಿಲಿಗೆ ಎಳೆದುಕೊಂಡ. ಆಮೇಲೆ ಕೇಳಿದ: "ಆ ದೊರೆ ಮ್ಯಾಲಿನ ಸಿಟ್ಟಿಗೆ ನನ್ನ ಕಂಬಳಿ ಬೇಯಿಸಿದ್ಯೇನಲೇ?"

"ಹೂಂ."

"ನಾಳೆ ಸಿಟ್ಟು ಜಾಸ್ತಿ ಆದ್ರೆ ನನ್ನೂ ಹಂಡೆಗೆ ಹಾಕ್ತೀಯಾ?" ಕುಗ್ಗಿದ ಕಂಬಳಿಯನ್ನು ನನ್ನ ಮುಖಕ್ಕೆ ಎಸೆದ. "ತಗಾ, ಇಟ್ಕೋ. ನಿನ್ನ ಬುದ್ಧಿಗೆ ಸರಿಯಾದ ಅಳತೆ ಐತೆ."

ಕಡೆಗೆ ಬರಲು ಒಪ್ಪಿದ. ಎರಡು ಷರತ್ತು ಹಾಕಿದ. ನನ್ನ ಕಂಬಳಿ ಅವನದಾಗಬೇಕು. ಮತ್ತು ಈಗ ಅವನಿಗೆ ಹೇಳಿದ ಮಾತನ್ನೇ ನಾನು ಡಾಕ್ಟರಿಗೂ, ಅವನೆದುರಿಗೇ, ಹೇಳಬೇಕು. ಮೊದಲನೆಯದಕ್ಕೆ ತಕ್ಷಣ ಒಪ್ಪಿದೆ. ಎರಡನೆಯದಕ್ಕೆ ಗಾಡಿ ಮೊಳಕಾಲ್ಮೂರು ಮುಟ್ಟುವ ತನಕ ಚೌಕಾಸಿ ಮಾಡಿದೆ. ಅವನು ಜಗ್ಗಲಿಲ್ಲ.

ಡಾಕ್ಟರು ಗಾಯ ನೋಡಿದರು, ನನ್ನ ಕಂಬಳಿ ನೋಡಿದರು. "ಇದನ್ನೂ ಕುದಿಸು" ಎಂದರು. ಬೋರಯ್ಯ ನನ್ನನ್ನೇ ದಿಟ್ಟಿಸುತ್ತಿದ್ದ.

"ಕುದಿಸಬಾರದು ಸಾರ್. ಕುಗ್ಗಿ ಹೋಗುತ್ತೆ. ಬಿಸಿಲಿಗೆ ಹಾಕಿ ಬಡಿದು, ಬೇವಿನ ಹೊಗೆ ಕೊಟ್ಟರೆ ಹುಳ ಸಾಯುತ್ತೆ. ಆವತ್ತೂ ನನಗೆ ಗೊತ್ತಿತ್ತು."

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

ಬೈಗುಳಕ್ಕೆ ಕಾದೆ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆ ಮನುಷ್ಯ ಬೈಯಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ಮೆಲ್ಲಗೆ ಹೇಳಿದರು: "ನನಗೆ ಕೋಪ ಬಂದರೆ ಬಾಯಿ ಬಿಡುತ್ತೇನೆ. ಊರಿಗೆಲ್ಲ ಕೇಳುತ್ತದೆ, ಹುಷಾರಾಗಿರುತ್ತಾರೆ. ನಿನಗೆ ಬಂದರೆ ಬಾಯಿ ಮುಚ್ಚುತ್ತೀಯ. ನನ್ನ ಕೋಪದಿಂದ ಇಷ್ಟು ದಿನದಲ್ಲಿ ಯಾರ ಕಾಲೂ ಹೋಗಿಲ್ಲವಯ್ಯ." ಆಮೇಲೆ ಕನ್ನಡಕ ಹಾಕಿಕೊಂಡು ಮತ್ತೆ ಮೊದಲಿನಂತಾದರು. "ಸೊಂಟದ ಮೇಲೆ ಕಂಬಳಿ ಇರಲಿ, ಕೆಳಗೆ ಬಿಳಿ ಬಟ್ಟೆ. ಗಾಯಕ್ಕೆ ಉಣ್ಣೆ ತಾಗಿದರೆ ನಿನ್ನ ಎರಡು ಸೌಟನ್ನೂ ಮುರಿಯುತ್ತೇನೆ. ನಿಂತಿದ್ದೀಯಲ್ಲ, ಕೈ ತೊಳಿ ಹೋಗು!"

ಬೋರಯ್ಯ ಮಲಗಿಕೊಂಡು, ತನ್ನನ್ನು ತಾನೇ ಮೇಲಿಂದ ಕೆಳಗೆ ನೋಡಿಕೊಂಡು, "ಅಂಗಾದ್ರೆ ನಾನೀಗ ಅರ್ಧ ಹೆಣ" ಎಂದ.

ಆ ಅರ್ಧ ಹೆಣ ಎರಡು ಕಾಲಿನ ಮೇಲೆ ಎದ್ದು, ನನ್ನ ಕಂಬಳಿಯನ್ನು ಕೊಪ್ಪೆ ಹಾಕಿಕೊಂಡು, ತುಸು ಕುಂಟುತ್ತ ಕುರಿಗಳ ಬಳಿಗೆ ಹೋಯಿತು. ಕಡೆಯ ದಿನ ಡಾಕ್ಟರು ನಾನು ಕಟ್ಟಿದ ಪಟ್ಟಿಯನ್ನು ಅಭ್ಯಾಸದಂತೆ ಬಿಚ್ಚಿ, ಒಣಗಿದ ಗಾಯ ನೋಡಿ, "ಹೂಂ" ಎಂದರು. ನಿವೃತ್ತಿಯವರೆಗೆ ನನಗೆ ಸಿಕ್ಕಿದ ಹೊಗಳಿಕೆ ಆ ಒಂದು ಹೂಂಕಾರ. ಅದಕ್ಕೂ ನನಗೆ ಸಿಟ್ಟಿದೆ. ಬೈದದ್ದನ್ನು ಕ್ಷಮಿಸಬಹುದು, ಅವರು ಹೇಳಿದ್ದು ನಿಜವಾಗಿತ್ತಲ್ಲ, ಅದನ್ನು ಹೇಗೆ ಕ್ಷಮಿಸಲಿ? ಆ ಕುಗ್ಗಿದ ಕಂಬಳಿ ಈಗಲೂ ನನ್ನ ಬಳಿ ಇದೆ. ಒಬ್ಬ ಮುದುಕ ಕೂತು ಬರೆಯುವುದಕ್ಕೆ ಸರಿಯಾದ ಅಳತೆ.

ಇನ್ನು ಹಾಲಿನ ವಿಚಾರ. ಬೆಳಗ್ಗೆ ಗೌರಮ್ಮ ನೆರೆಮನೆಯವಳ ಎದುರಿಗೆ, "ನಮ್ಮನೇರಿಗೆ ಈಗ ಕಿವೀನೂ ಇಲ್ಲ, ಕೆಲಸಾನೂ ಇಲ್ಲ" ಎಂದು ನಕ್ಕಳು. ನನಗೆ ಚೆನ್ನಾಗಿ ಕೇಳಿಸಿತು. ಆಮೇಲೆ ಅವಳು ಒಲೆಯ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋದಳು. ನಾನು ಈ ಕಂಬಳಿಯ ಮೇಲೆ, ಒಲೆ ಕಾಣುವ ಹಾಗೆಯೇ ಕೂತಿದ್ದೆ. ಹಾಲು ಮೊದಲು ಅಂಚಿನಲ್ಲಿ ನೊರೆ ಕಟ್ಟಿತು. ಆಮೇಲೆ ಮೆಲ್ಲಗೆ ಮೇಲೇರಿತು. ಒಂದು ಮಾತು ಕೂಗಿದ್ದರೆ ಸಾಕಿತ್ತು. ನಾನು ಬಾಯಿ ಬಿಗಿಹಿಡಿದು, ಅದು ಉಕ್ಕಿ ಬೆಂಕಿಗೆ ಸುರಿಯುವುದನ್ನು ನೋಡುತ್ತಲೇ ಈ ತಪ್ಪೊಪ್ಪಿಗೆಯ ಮೊದಲ ಸಾಲು ಬರೆದೆ.